ಹಿನ್ನೆಲೆ ಸಂಗೀತದಲ್ಲಿ ಸ್ನಾತಕೋತ್ತರ ಪದವಿ: ಟ್ಯೂನ್ ಬಂದರೆ ಸಾಕಾ?

ಪ್ರಶ್ನೆ: ನಾನು ವಿಜ್ಞಾನ ಪದವೀಧರ. ಕೀಬೋರ್ಡ್ ನುಡಿಸುತ್ತೇನೆ, ಸ್ವಂತ ಟ್ಯೂನ್ ಹಾಕುತ್ತೇನೆ. ಸಿನಿಮಾದ ಹಿನ್ನೆಲೆ ಸಂಗೀತದಲ್ಲೇ ಸ್ನಾತಕೋತ್ತರ ಪದವಿ ಮಾಡುವ ಆಸೆ. ಸಂಗೀತದ ಡಿಗ್ರಿ ಇಲ್ಲದೆ ಸೀಟು ಸಿಗುತ್ತಾ? ಅಲ್ಲಿ ಕಲಿಸುವುದನ್ನು ಯೂಟ್ಯೂಬ್ ನೋಡಿಯೇ ಕಲಿಯಬಹುದು ಅಲ್ವಾ?

ಕೆಲವು ಕಡೆ ಸಂಗೀತದ ಪದವಿಯನ್ನೇ ಕೇಳುತ್ತಾರೆ. ಆದರೆ ನೀವು ಕಳಿಸುವ ಕೆಲಸ ಗಟ್ಟಿಯಾಗಿದ್ದರೆ ಬೇರೆ ಪದವಿಯವರಿಗೂ ಬಾಗಿಲು ತೆರೆಯುವ ಕೋರ್ಸ್‌ಗಳಿವೆ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ, ಓದಿ ಬರೆಯಲು ಬರದಿದ್ದರೆ ಮಾತ್ರ ಈಗಲೇ ಶುರು ಮಾಡಿ. ಸ್ಟುಡಿಯೋದಲ್ಲಿ ವಯಲಿನ್ ಹಿಡಿದು ಕೂತವರಿಗೆ ನೀವು ಕೊಡುವುದು ಕಾಗದವನ್ನೇ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ ನಿಮ್ಮ ಮಾತು ನಿಜ. ಲಾಜಿಕ್, ಕ್ಯೂಬೇಸ್ ಎಲ್ಲ ಮನೆಯಲ್ಲೇ ಕಲಿಯಬಹುದು. ಸಂಗೀತವನ್ನು ದೃಶ್ಯಕ್ಕೆ ಹೊಂದಿಸುವ ಲೆಕ್ಕವನ್ನೂ ಕಲಿಯಬಹುದು. ಒಂದು ದೃಶ್ಯ ತಗೊಳ್ಳಿ. ಸಂಗೀತ ಶುರುವಾದ 37ನೇ ಸೆಕೆಂಡಿಗೆ ಬಾಗಿಲು ತೆರೆಯುತ್ತದೆ. ನಿಮ್ಮ ಟೆಂಪೊ ನಿಮಿಷಕ್ಕೆ 96 ಬೀಟ್, ನಾಲ್ಕು ಬೀಟ್‌ಗೆ ಒಂದು ಬಾರ್. 16ನೇ ಬಾರಿನ ಮೊದಲ ಬೀಟ್ ಬೀಳುವುದು 37.5 ಸೆಕೆಂಡಿಗೆ. ಅಂದರೆ ಅರ್ಧ ಸೆಕೆಂಡ್ ತಡ. ಸೆಕೆಂಡಿಗೆ 24 ಫ್ರೇಮ್‌ನ ಚಿತ್ರದಲ್ಲಿ ಅದು 12 ಫ್ರೇಮ್, ನೋಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಟೆಂಪೊವನ್ನು 97.3ಕ್ಕೆ ಏರಿಸಿ, ಬೀಟ್ ಸರಿಯಾಗಿ ಬಾಗಿಲ ಮೇಲೇ ಬೀಳುತ್ತದೆ.

ಆದರೆ ಬಾಗಿಲು ತೆರೆದಾಗ ಸಂಗೀತ ಅಲ್ಲೇ ಬೀಳಬೇಕಾ? ಅಥವಾ ಒಳಗೆ ಯಾರಿದ್ದಾರೆ ಅಂತ ನಟಿಯ ಮುಖದಲ್ಲಿ ಕಂಡ ಮೇಲಾ? ಅಥವಾ ಅಲ್ಲಿ ಸಂಗೀತವೇ ಬೇಡವಾ? ಇದನ್ನು ಯಾವ ವಿಡಿಯೋವೂ ಹೇಳಿಕೊಡಲ್ಲ. ನಿರ್ದೇಶಕರ ಜೊತೆ ಕೂತು, ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ, ಸಂಗೀತ ಎಲ್ಲಿ ಶುರು ಎಲ್ಲಿ ಬಂದ್ ಅಂತ ತೀರ್ಮಾನಿಸುವ ಸ್ಪಾಟಿಂಗ್ ಅನ್ನುವ ಕೆಲಸ ಇದೆಯಲ್ಲ, ಕಲಿಕೆ ಆಗುವುದೇ ಅಲ್ಲಿ.

ನಿರ್ದೇಶಕರು ಸ್ವರದ ಹೆಸರು ಹಿಡಿದು ಮಾತಾಡಲ್ಲ. ‘ಇಲ್ಲಿ ಯಾಕೋ ಭಾರ ಆಯ್ತು’ ಅನ್ನುತ್ತಾರೆ. ಟ್ಯೂನ್ ಕೆಟ್ಟಿದೆ ಅಂದುಕೊಂಡು ನೀವು ಪೂರ್ತಿ ಬದಲಿಸಲು ಕೂರುತ್ತೀರಿ. ನಿಜವಾದ ತೊಂದರೆ ಚೆಲ್ಲೋ, ಅಂದರೆ ವಯಲಿನ್ ಜಾತಿಯ ತಗ್ಗು ದನಿಯ ದೊಡ್ಡ ವಾದ್ಯ, ಇರಬಹುದು. ಗಂಡಸಿನ ದನಿಯೂ ಚೆಲ್ಲೋ ದನಿಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಓಡಾಡುತ್ತವೆ. ಸಂಭಾಷಣೆಯ ಕೆಳಗೆ ಚೆಲ್ಲೋ ಅಲೆದಾಡಿದರೆ ಇಬ್ಬರು ಒಟ್ಟಿಗೆ ಮಾತಾಡಿದ ಹಾಗಾಗುತ್ತದೆ. ಅದೇ ಟ್ಯೂನ್ ಇಟ್ಟುಕೊಂಡು, ಮಾತು ಮುಗಿಯುವವರೆಗೆ ಚೆಲ್ಲೋವನ್ನು ಸುಮ್ನೆ ಕೂರಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ದೃಶ್ಯ ಹಗುರಾಗುತ್ತದೆ.

ಇನ್ನೊಂದು ಪೇಚು ಟೆಂಪ್ ಟ್ರ್ಯಾಕ್. ಎಡಿಟಿಂಗ್ ಹೊತ್ತಿಗೆ ತಾತ್ಕಾಲಿಕವಾಗಿ ಯಾವುದೋ ಹಳೇ ಸಂಗೀತ ಹಾಕಿರುತ್ತಾರೆ. ವಾರಗಟ್ಟಲೆ ಕೇಳಿ ಕೇಳಿ ನಿರ್ದೇಶಕರಿಗೆ ಅದರ ಮೇಲೆ ಮೋಹ ಬಂದಿರುತ್ತದೆ. ನಕಲು ಮಾಡದೆ, ಅವರಿಗೆ ಅದರಲ್ಲಿ ಹಿಡಿಸಿದ್ದು ವೇಗವೋ, ವಾದ್ಯವೋ, ಖಾಲಿ ಜಾಗವೋ ಅಂತ ಮಾತಾಡಿಸಿ ತಿಳಿಯಬೇಕು. ಓದುವ ದಿನಗಳಲ್ಲೇ ಈ ಮಾತುಕತೆ ರೂಢಿಯಾದರೆ ಮುಂದೆ ತುಂಬಾ ನೆಮ್ಮದಿ.

ಹಾಗಾಗಿ ಕೋರ್ಸ್ ಆರಿಸುವಾಗ ನಾನು ಮೊದಲು ನೋಡುವುದು ಅದೇ ಆವರಣದಲ್ಲಿ ಸಿನಿಮಾ ಮಾಡುವ ವಿದ್ಯಾರ್ಥಿಗಳಿದ್ದಾರಾ ಅಂತ. ಬ್ರಿಟನ್ನಿನ ನ್ಯಾಷನಲ್ ಫಿಲ್ಮ್ ಆ್ಯಂಡ್ ಟೆಲಿವಿಷನ್ ಸ್ಕೂಲ್‌ನಲ್ಲಿ ಸಂಗೀತದವರ ಕೋರ್ಸ್ 2 ವರ್ಷದ್ದು. ಅವರು ಅಲ್ಲಿನ ನಿರ್ದೇಶನದ ವಿದ್ಯಾರ್ಥಿಗಳ ಚಿತ್ರಗಳಿಗೇ ಕೆಲಸ ಮಾಡುತ್ತಾರೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಂಥ ಕಡೆ ಸುತ್ತಲೂ ಇರುವುದು ವಾದ್ಯಗಾರರು. ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜು ಸ್ಪೇನಿನ ವೆಲೆನ್ಸಿಯಾದಲ್ಲಿ ನಡೆಸುವ ಕ್ಯಾಂಪಸ್ಸಿನದು ಒಂದೇ ವರ್ಷ, ಗೇಮ್ ಸಂಗೀತವೂ ಸೇರಿದೆ. ನಿಮಗೆ ಟ್ಯೂನ್ ಈಗಾಗಲೇ ಬರುತ್ತದೆ. ಆದ್ದರಿಂದ ನನ್ನ ಓಟು ಸಿನಿಮಾ ವಿದ್ಯಾರ್ಥಿಗಳಿರುವ ಮೊದಲನೆಯ ಬಗೆಯ ಕೋರ್ಸಿಗೆ. ನಾಳೆ ನಿಮ್ಮನ್ನು ಕೆಲಸಕ್ಕೆ ಕರೆಯುವವರು ಸಾಮಾನ್ಯವಾಗಿ ಇಂದು ನಿಮ್ಮ ಜೊತೆ ಓದುವ ನಿರ್ದೇಶಕರೇ.

ಪ್ರಶ್ನೆ: ಅರ್ಜಿಯ ಜೊತೆ ಏನು ಕಳಿಸಲಿ? ಹೆಸರಾಂತ ಸಿನಿಮಾದ ದೃಶ್ಯಕ್ಕೆ ನನ್ನ ಸಂಗೀತ ಕೂರಿಸಿದರೆ ಗಮನ ಸೆಳೆಯಬಹುದಾ?

ಸೆಳೆಯುತ್ತದೆ, ಆದರೆ ಕೇಳುವವರ ಕಿವಿಯಲ್ಲಿ ಮೂಲ ಸಂಗೀತ ಮೊದಲೇ ಕೂತಿರುತ್ತದೆ. ಕಿರುಚಿತ್ರ ಮಾಡುತ್ತಿರುವ ಯಾರನ್ನಾದರೂ ಹುಡುಕಿ, ಅವರ ಚಿತ್ರಕ್ಕೆ ಮಾಡಿಕೊಡಿ. ಕಾಲೇಜು ಬೇರೆ ಏನೂ ಕೇಳದಿದ್ದರೆ ಮೂರು ನಾಲ್ಕು ತುಣುಕು ಸಾಕು. ಅದರಲ್ಲಿ ಒಂದಾದರೂ ಮಾತು ಜಾಸ್ತಿ ಇರುವ ದೃಶ್ಯ ಇರಲಿ. ಚೇಸ್ ದೃಶ್ಯಕ್ಕೆ ಡ್ರಮ್ಸ್ ಬಾರಿಸಿ ಎಲ್ಲರೂ ಕಳಿಸುತ್ತಾರೆ. ಇಬ್ಬರು ಮೆಲ್ಲಗೆ ಮಾತಾಡುವಾಗ ನೀವು ಏನನ್ನು ಬಿಟ್ಟಿರಿ ಅನ್ನುವುದರಲ್ಲಿ ನಿಮ್ಮ ಕಿವಿ ಕಾಣುತ್ತದೆ. ಆದರೆ ಒಂದು ತುಣುಕಿನಲ್ಲಾದರೂ ಮನುಷ್ಯರು ನುಡಿಸಿದ ನಿಜವಾದ ವಾದ್ಯ ಇರಲೇಬೇಕು, ಒಂದೇ ಕೊಳಲಾದರೂ ಸರಿ.

ಪ್ರಶ್ನೆ: ಸಂದರ್ಶನದಲ್ಲಿ ನಾನೂ ಪ್ರಶ್ನೆ ಕೇಳಬಹುದಾ?

ಖಂಡಿತ ಕೇಳಿ. ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಎಷ್ಟು ಚಿತ್ರ ಸಿಗುತ್ತವೆ? ಎಷ್ಟು ನಿಮಿಷದ ಸಂಗೀತವನ್ನು ನಿಜವಾದ ವಾದ್ಯಗಾರರಿಂದ ರೆಕಾರ್ಡ್ ಮಾಡಿಸುತ್ತೀರಿ? ಅದರ ಖರ್ಚು ಫೀಸಿನಲ್ಲೇ ಸೇರಿದೆಯಾ? ಮೂರಕ್ಕೂ ಸ್ಪಷ್ಟ ಉತ್ತರ ಬರದಿದ್ದರೆ ಅಲ್ಲಿಗೆ ಫೀಸು ಕಟ್ಟುವ ಮೊದಲು ಅಲ್ಲೇ ಓದಿದ ಇಬ್ಬರು ಹಳೇ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ.