ಪುಟ್ಟ ರೆಡಿಮೇಡ್ ಗೇಮಿಂಗ್ ಪಿಸಿ ತಗೋಬಹುದಾ? ಮೊದಲು ಒಳಗೆ ಏನಿದೆ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ: ಮೇಜಿನ ಮೇಲೆ ಜಾಗ ಕಮ್ಮಿ, 1440ಪಿ ರೆಸಲ್ಯೂಷನ್ನಿನ ಮಾನಿಟರ್ ಆಗ್ಲೇ ಇದೆ, ನಾಲ್ಕೈದು ವರ್ಷ ಬಾಳ್ಬೇಕು, ಬಿಡಿಭಾಗ ತಂದು ಜೋಡಿಸೋ ಉಸಾಬರಿ ಬೇಡ, ಹಾಗಾಗಿ ಕಂಪನಿಯೇ ಜೋಡಿಸಿ ಕೊಡೋ ಪುಟ್ಟ ಗೇಮಿಂಗ್ ಪಿಸಿ ತಗೊಂಡ್ರೆ ದುಡ್ಡು ದಂಡ ಆಗುತ್ತಾ ಅಂತ. ದಂಡ ಆಗಲ್ಲ, ಆರಾಮಾಗಿ ತಗೋಬಹುದು. ಆದ್ರೆ ಒಳಗಿರೋ ಮದರ್‌ಬೋರ್ಡು, ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡು ಈ ಮೂರೂ ಎಲ್ಲರೂ ಬಳಸೋ ಸ್ಟ್ಯಾಂಡರ್ಡ್ ಅಳತೆದಾಗಿದ್ರೆ ಮಾತ್ರ. ಎಲ್ಲರೂ ಪ್ರೊಸೆಸರ್ ಯಾವ್ದು, ಎಷ್ಟು ಜಿಬಿ ಅಂತ ಕೇಳ್ತಾರೆ, ನಾನು ಮೊದಲು ಕೇಳೋದು ಇದನ್ನೇ.

ಯಾಕೆ ಅಂದ್ರೆ, ಸಣ್ಣ ಪಿಸಿಗೂ ಒಂದು ಸ್ಟ್ಯಾಂಡರ್ಡ್ ಇದೆ. ಮಿನಿ-ಐಟಿಎಕ್ಸ್ ಬೋರ್ಡು ಅಂದ್ರೆ 17 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ, 2001ರಲ್ಲಿ ವಿಯಾ ಕಂಪನಿ ತಂದ ಅಳತೆ, ಇವತ್ತಿಗೂ ಅದೇ ನಡೀತಿದೆ. ಅದರ ಸ್ಕ್ರೂ ತೂತುಗಳು ದೊಡ್ಡ ಎಟಿಎಕ್ಸ್ ಕೇಸಿಗೂ ಕೂರುತ್ತೆ, ಅಂದ್ರೆ ನಾಳೆ ನಿಮಗೆ ಜಾಗ ಸಿಕ್ಕಿದ್ರೆ ಅದೇ ಬೋರ್ಡು ಬಿಚ್ಚಿ ದೊಡ್ಡ ಕೇಸಿಗೆ ಹಾಕ್ಕೋಬಹುದು. ಪವರ್ ಸಪ್ಲೈಗೂ ಎಸ್‌ಎಫ್‌ಎಕ್ಸ್ ಅಂತ ಸಣ್ಣ ಸೈಜು ಇದೆ, ಹಲವು ಕಂಪನಿಗಳು ಮಾಡ್ತವೆ, ಕೆಟ್ಟೋದ್ರೆ ಬೇರೆ ತಂದು ಹಾಕಿದ್ರೆ ಆಯ್ತು. ಇವೆರಡೂ ಒಳಗಿದ್ರೆ ಆ ಪಿಸಿ ನಿಜವಾಗ್ಲೂ ನಿಮ್ದು.

ತೊಂದ್ರೆ ಶುರುವಾಗೋದು ಕಂಪನಿ ತನ್ನದೇ ಆಕಾರದ ಬೋರ್ಡು, ತನ್ನದೇ ಪಿನ್ನಿನ ಪವರ್ ಸಪ್ಲೈ ಹಾಕಿದಾಗ. ನನ್ನ ಪರಿಚಯದವರೊಬ್ರ ಮಷೀನಲ್ಲಿ ವಾರಂಟಿ ಮುಗಿದ್ಮೇಲೆ ಪವರ್ ಸಪ್ಲೈ ಹೋಯ್ತು, ಅದು ಬೇರೆ ಯಾವ್ದಕ್ಕೂ ಹೊಂದದ ಆಕಾರ, ಕಂಪನಿಯವರು ಆ ಮಾಡೆಲ್ಲೇ ನಿಲ್ಲಿಸಿದ್ದೀವಿ ಅಂದ್ಬಿಟ್ರು. ಪ್ರೊಸೆಸರ್ ಗಟ್ಟಿ, ಕಾರ್ಡು ಗಟ್ಟಿ, ರ್‍ಯಾಮ್ ಗಟ್ಟಿ, ಆದ್ರೆ ಒಂದೇ ಒಂದು ಭಾಗಕ್ಕೋಸ್ಕರ ಇಡೀ ಪೆಟ್ಟಿಗೆ ಮೂಲೆ ಸೇರ್ತು. ಅದನ್ನ ನೋಡಿ ನನಗೆ ನಿಜವಾಗ್ಲೂ ಹೊಟ್ಟೆ ಉರೀತು, ಅಷ್ಟು ಒಳ್ಳೆ ಹಾರ್ಡ್‌ವೇರ್.

ತಗೊಳೋ ಮುಂಚೆ ಇದನ್ನ ಕಂಡುಹಿಡಿಯೋದು ಕಷ್ಟ ಏನಿಲ್ಲ. ಮೊದಲು ಪಿಸಿಯ ಹಿಂಭಾಗದ ಫೋಟೋ ನೋಡಿ. ಮಾಮೂಲಿ ಮೂರು ಪಿನ್ನಿನ ಪವರ್ ಕೇಬಲ್ ನೇರವಾಗಿ ಹೋಗುತ್ತಾ, ಇಲ್ಲ ಲ್ಯಾಪ್‌ಟಾಪ್ ಥರ ದಪ್ಪ ಅಡಾಪ್ಟರ್ ಹೊರಗಡೆ ಇರುತ್ತಾ? ಅಡಾಪ್ಟರ್ ಹೊರಗಿದ್ರೆ ಒಳಗೆ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪೇ ಇರೋ ಸಾಧ್ಯತೆ ಜಾಸ್ತಿ. ಆಮೇಲೆ ಆ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಹುಡುಕಿ, ಯಾರಾದ್ರೂ ಬಿಚ್ಚಿ ತೋರಿಸಿರೋ ವಿಡಿಯೋ ಇದ್ರೆ ಇನ್ನೂ ಒಳ್ಳೇದು, ಬೋರ್ಡಿಗೆ ಹೋಗೋ ದೊಡ್ಡ ಪವರ್ ಕನೆಕ್ಟರ್ 24 ಪಿನ್ನಿಂದಾ ಅಂತ ಎಣಿಸಿ ನೋಡಿ. ಅಲ್ಲಿ ಆರೋ ಎಂಟೋ ಪಿನ್ ಕಾಣಿಸಿದ್ರೆ ಅನುಮಾನ ಪಡಿ.

ಲ್ಯಾಪ್‌ಟಾಪ್ ಚಿಪ್ ಇದ್ರೆ ಏನೀಗ ಅಂತೀರಾ? ಹೆಸರು ಒಂದೇ, ಒಳಗಿನ ಸರಕು ಬೇರೆ, ಅದೇ ಸಮಸ್ಯೆ. ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡನ್ನೇ ನೋಡಿ, ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 4090ಗೆ 24 ಜಿಬಿ ಮೆಮೊರಿ, ಲ್ಯಾಪ್‌ಟಾಪ್ 4090ಗೆ 16 ಜಿಬಿ, ಚಿಪ್ಪೂ ಬೇರೆ. 5070ದ್ದೂ ಅದೇ ಕಥೆ, ಡೆಸ್ಕ್‌ಟಾಪಲ್ಲಿ 12 ಜಿಬಿ ಇದ್ರೆ ಲ್ಯಾಪ್‌ಟಾಪಲ್ಲಿ 8 ಜಿಬಿ. ಜೊತೆಗೆ ಲ್ಯಾಪ್‌ಟಾಪ್ ಚಿಪ್ಪಿಗೆ ಎಷ್ಟು ವ್ಯಾಟ್ ಕೊಡ್ಬೇಕು ಅನ್ನೋದು ಪಿಸಿ ಮಾಡೋ ಕಂಪನಿ ಕೈಲಿರುತ್ತೆ, ಹಾಗಾಗಿ ಒಂದೇ ಹೆಸರಿನ ಎರಡು ಮಷೀನ್ ಬೇರೆ ಬೇರೆ ಸ್ಪೀಡಲ್ಲಿ ಓಡ್ತವೆ. ಎಲ್ಲಕ್ಕಿಂತ ಮುಖ್ಯ ಅಂದ್ರೆ ಅದು ಬೋರ್ಡಿಗೇ ಬೆಸುಗೆ ಹಾಕಿರೋ ಚಿಪ್ಪು, ಎರಡು ವರ್ಷ ಬಿಟ್ಟು ಬದಲಾಯಿಸ್ತೀನಿ ಅನ್ನೋ ಮಾತೇ ಇಲ್ಲ. 1440ಪಿನಲ್ಲಿ ನಾಲ್ಕೈದು ವರ್ಷ ಅಂತ ಇದ್ರೆ 8 ಜಿಬಿ ಕಾರ್ಡು ಈಗ್ಲೇ ಬೇಡ, ಕನಿಷ್ಠ 12, ಸಾಧ್ಯ ಆದ್ರೆ 16. 5060 ಟಿಐ ಅಂತ ಬರೆದಿದ್ರೆ 8ರದ್ದಾ 16ರದ್ದಾ ಅಂತ ಒತ್ತಿ ಕೇಳಿ, ಒಂದೇ ಹೆಸರಲ್ಲಿ ಎರಡೂ ಮಾರ್ತಾರೆ.

ಬಿಸಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಸಣ್ಣ ಪಿಸಿ ಬಗ್ಗೆ ಎಲ್ಲರೂ ಹೆದರಿಸೋದು ಇದಕ್ಕೇ. 250 ವ್ಯಾಟ್ ಕಾರ್ಡು ಸಣ್ಣ ಕೇಸಲ್ಲಿದ್ರೂ ದೊಡ್ಡ ಕೇಸಲ್ಲಿದ್ರೂ ರೂಮಿಗೆ ಬಿಡೋ ಶಾಖ ಅಷ್ಟೇ, ವ್ಯತ್ಯಾಸ ಇರೋದು ಅದನ್ನ ಹೊರಗೆ ದಬ್ಬೋಕೆ ಎಷ್ಟು ದೊಡ್ಡ ಫ್ಯಾನಿಗೆ ಜಾಗ ಇದೆ ಅನ್ನೋದ್ರಲ್ಲಿ, ಫ್ಯಾನ್ ಸಣ್ಣದಾದಷ್ಟೂ ಜೋರಾಗಿ ತಿರುಗ್ಬೇಕು, ಜೋರಾಗಿ ತಿರುಗಿದಷ್ಟೂ ಸದ್ದು. ಕಾರ್ಡಿನ ಫ್ಯಾನ್ ಎದುರಿಗೆ ಕೇಸಲ್ಲಿ ಜಾಲರಿ ಇದ್ರೆ ಕಾರ್ಡು ಹೊರಗಿನ ತಣ್ಣನೆ ಗಾಳಿಯನ್ನೇ ನೇರವಾಗಿ ಎಳ್ಕೊಳುತ್ತೆ, ಅಂಥ ಪುಟ್ಟ ಕೇಸು ಎಷ್ಟೋ ಸಲ ಗಾಜು ಮುಚ್ಚಿದ ದೊಡ್ಡ ಕೇಸಿಗಿಂತ ತಣ್ಣಗಿರುತ್ತೆ. ನಾನೂ ಸಣ್ಣ ಕೇಸೇ ಬಳಸ್ತಿರೋದು, ಕಾರ್ಡಿನ ಪವರ್ ಲಿಮಿಟ್ ಸ್ವಲ್ಪ ಇಳಿಸಿಟ್ಟಿದ್ದೀನಿ, ಸದ್ದು ಚೆನ್ನಾಗಿ ಕಮ್ಮಿ ಆಗುತ್ತೆ, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅನ್ನೋದು) ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲ್ಲ. ಆದ್ರೆ ಪುಟ್ಟ ಪೆಟ್ಟಿಗೇಲಿ ಐ9-14900ಕೆ ತುಂಬಿಸಿ ಮಾರ್ತಿದ್ರೆ ದೂರ ಇರಿ, ಆ ಪ್ರೊಸೆಸರ್ ಒಂದೇ 253 ವ್ಯಾಟ್ ತನಕ ಎಳೆಯುತ್ತೆ, ಗೇಮಿಂಗಿಗೆ ಅಷ್ಟು ಬೇಕಾಗೂ ಇಲ್ಲ. 65 ವ್ಯಾಟ್ ದರ್ಜೆಯ ರೈಜನ್ 5 7600 ಸಾಕು, ಇಲ್ಲ 7800ಎಕ್ಸ್3ಡಿ, ಅದು ಗೇಮ್ ಆಡುವಾಗ ತೀರಾ ಕಮ್ಮಿ ಕರೆಂಟಲ್ಲೇ ಕೆಲಸ ಮುಗಿಸುತ್ತೆ. ಈ ಎರಡೂ ಎಎಮ್5 ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) ಆಗಿರೋದ್ರಿಂದ ಮುಂದೆ ಪ್ರೊಸೆಸರ್ ಬದಲಾಯಿಸೋ ದಾರಿನೂ ಇರುತ್ತೆ.

ದರ ಹೋಲಿಸುವಾಗ ಒಂದು ಮಾತು. ಜನ ರೆಡಿಮೇಡ್ ಸಣ್ಣ ಪಿಸಿಯನ್ನ ದೊಡ್ಡ ಟವರ್ ಬಿಡಿಭಾಗಗಳ ಮೊತ್ತದ ಜೊತೆ ಹೋಲಿಸಿ ದುಬಾರಿ ಅಂತಾರೆ, ಅದು ಸರಿಯಲ್ಲ. ಮಿನಿ-ಐಟಿಎಕ್ಸ್ ಬೋರ್ಡು, ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ ಬಿಡಿಯಾಗಿ ತಗೊಂಡ್ರೂ ದೊಡ್ಡವಕ್ಕಿಂತ ದುಬಾರಿನೇ. ಅದೇ ಸೈಜಿನ ಭಾಗಗಳ ಪಟ್ಟಿ ಮಾಡಿ ಕೂಡಿಸಿ, ಆಗ ಕಂಪನಿ ಕೂಲಿ ಎಷ್ಟು ಹಾಕಿದೆ ಅಂತ ಗೊತ್ತಾಗುತ್ತೆ. ಮೇಲಾಗಿ 2025ರ ಕೊನೇಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರ್ತು, ಹಳೇ ಸ್ಟಾಕಿನ ರ್‍ಯಾಮ್ ಹಾಕಿರೋ ರೆಡಿಮೇಡ್ ಪಿಸಿ ಇಂಥ ಹೊತ್ತಲ್ಲಿ ಬಿಡಿಭಾಗಕ್ಕಿಂತ ಅಗ್ಗ ಬಿದ್ರೂ ಆಶ್ಚರ್ಯ ಇಲ್ಲ.

ರ್‍ಯಾಮ್ ಅಂದ್ಮೇಲೆ, ಮಿನಿ-ಐಟಿಎಕ್ಸ್ ಬೋರ್ಡಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್. ಕೆಲವರು ದುಡ್ಡು ಉಳಿಸೋಕೆ ಒಂದೇ ಸ್ಟಿಕ್ ಹಾಕಿ ಕಳಿಸ್ತಾರೆ, ಅದರಿಂದ ಗೇಮಲ್ಲಿ ಸ್ಪೀಡ್ ಬಿದ್ದೋಗುತ್ತೆ. ಎರಡು ಸ್ಟಿಕ್ ಇರೋದನ್ನೇ ಕೇಳಿ ತಗೊಳ್ಳಿ. ಇನ್ನು 2025ರ ಫ್ರೇಮ್‌ವರ್ಕ್ ಡೆಸ್ಕ್‌ಟಾಪ್ ಥರದವೂ ಇವೆ, ಪೆಟ್ಟಿಗೆ ಗಾತ್ರ ನಾಲ್ಕೂವರೆ ಲೀಟರ್ ಅಷ್ಟೇ, ಬೋರ್ಡು ಮಿನಿ-ಐಟಿಎಕ್ಸೇ, ಆದ್ರೆ ರ್‍ಯಾಮ್ ಪೂರ್ತಿ ಬೆಸುಗೆ, ಗ್ರಾಫಿಕ್ಸೂ ಪ್ರೊಸೆಸರ್ ಒಳಗೇ. ಚೆಂದದ ಮಷೀನು, ಬರೀ ಗೇಮಿಂಗಿಗೆ ಅಂತ ನಾನು ಹೇಳಲ್ಲ.

ಸ್ಟ್ಯಾಂಡರ್ಡ್ ಭಾಗ ಇಲ್ಲದ್ದೇ ನಿಮಗೆ ಇಷ್ಟ ಆಗಿದ್ರೆ ಅದನ್ನ ಕನ್ಸೋಲ್ ಅಂತ ಭಾವಿಸಿ ಲೆಕ್ಕ ಹಾಕಿ. ಮುಂದೆ ಏನೂ ಸೇರಿಸಕ್ಕಾಗಲ್ಲ, ಇವತ್ತು ಏನಿದೆಯೋ ಅದೇ ಕೊನೇ ತನಕ. ಅದು ಒಪ್ಪಿಗೆ ಆದ್ರೆ ತಗೊಳ್ಳಿ, ಆದ್ರೆ ಕಮ್ಮಿ ಮಾಡೆಲ್ ತಗೊಂಡು ಆಮೇಲೆ ಏರಿಸ್ತೀನಿ ಅನ್ನೋ ಪ್ಲಾನ್ ಬೇಡ.

ಮನೆಗೆ ಬಂದ್ಮೇಲೆ ವಾಪಸ್ ಕೊಡೋ ಅವಧಿ ಮುಗಿಯೋದ್ರೊಳಗೆ ಒಂದು ಭಾರಿ ಗೇಮ್ ಗಂಟೆಗಟ್ಲೆ ಓಡಿಸಿ, ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ (ಬಿಸಿ, ವೇಗ ತೋರಿಸೋ ಸಾಫ್ಟ್‌ವೇರ್) ತೆರೆದಿಟ್ಟು ಕಾರ್ಡಿನ ಕ್ಲಾಕ್, ಅಂದ್ರೆ ಓಡೋ ವೇಗ, ಮೊದಲ ಐದು ನಿಮಿಷದಲ್ಲಿ ಎಷ್ಟಿತ್ತು, ಕೊನೇಲಿ ಎಷ್ಟಿದೆ ಅಂತ ಬರೆದಿಟ್ಕೊಳ್ಳಿ. ಸ್ವಲ್ಪ ಇಳಿಯೋದು ಮಾಮೂಲಿ, ಧೊಪ್ ಅಂತ ಬಿದ್ರೆ ಕೂಲಿಂಗ್ ಸಾಲ್ತಿಲ್ಲ ಅಂತ ಅರ್ಥ. ರೈಜನ್ 95 ಡಿಗ್ರಿ ತೋರಿಸಿದ ತಕ್ಷಣ ಗಾಬರಿ ಬೇಡ, 7000 ಸರಣಿಯ ಮಾಮೂಲಿ ಪ್ರೊಸೆಸರ್‌ಗಳ ಮಿತಿನೇ ಅದು (7800ಎಕ್ಸ್3ಡಿಗೆ ಮಾತ್ರ 89), ಆದ್ರೆ ಬರೀ ಗೇಮ್ ಆಡುವಾಗ್ಲೇ ಸದಾ ಅಲ್ಲೇ ನಿಂತಿದ್ರೆ ವಾಪಸ್ ಕೊಡಿ. ಟಾಸ್ಕ್ ಮ್ಯಾನೇಜರಲ್ಲಿ ರ್‍ಯಾಮ್ ಸ್ಪೀಡ್ ನೋಡಿ, ಹೇಳಿದ್ದಕ್ಕಿಂತ ಕಮ್ಮಿ ಇದ್ರೆ ಬಯಾಸಲ್ಲಿ (ಪಿಸಿ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್) ಎಕ್ಸ್‌ಪೋ ಅನ್ನೋ ರ್‍ಯಾಮ್ ಸ್ಪೀಡ್ ಆಯ್ಕೆ ಆನ್ ಮಾಡಿರಲ್ಲ, ಆನ್ ಮಾಡ್ಕೊಳ್ಳಿ.

ಅಂದಹಾಗೆ ಮೇಜಿನ ಕೆಳಗೆ ಜಾಗ ಇದ್ರೆ ಮೈಕ್ರೋ-ಎಟಿಎಕ್ಸ್ ರೆಡಿಮೇಡ್ ಪಿಸಿಗಳನ್ನೂ ಒಮ್ಮೆ ನೋಡಿ, ಬೋರ್ಡು ಅಗ್ಗ, ರ್‍ಯಾಮ್ ಸ್ಲಾಟ್ ಬಹುತೇಕ ನಾಲ್ಕು ಸಿಗುತ್ತೆ. ನೀವು ನೋಡ್ತಿರೋ ಮಾಡೆಲ್ ಹೆಸರು, ಹಿಂಭಾಗದ ಫೋಟೋ ಹಾಕಿದ್ರೆ ಒಳಗೆ ಯಾವ ಬೋರ್ಡಿದೆ ಅಂತ ಹುಡುಕಿ ಹೇಳ್ತೀನಿ.