ಗುಡ್ಡದ ಹೊಟ್ಟೆಯೊಳಗೆ ಐಸ್ ಹಾಕಿ ಕ್ರೀಡಾಂಗಣ ಇದೆಯಂತೆ, ನಿಜಾನಾ?

ನಿಜ. ನಾರ್ವೆಯ ಯೋವಿಕ್ ಎಂಬ ಸಣ್ಣ ಊರಲ್ಲಿದೆ. 1994ರ ಲಿಲ್ಲೆಹ್ಯಾಮರ್ ಚಳಿಗಾಲದ ಒಲಿಂಪಿಕ್ಸ್‌ನ ಒಂದಿಷ್ಟು ಐಸ್ ಹಾಕಿ ಪಂದ್ಯಗಳು ನಡೆದದ್ದು ಅಲ್ಲೇ.

ಬಂಡೆ ಸಿಡಿಸಿ ಮಾಡಿದ ಗುಹೆ ಅದು. 61 ಮೀಟರ್ ಅಗಲ, 91 ಮೀಟರ್ ಉದ್ದ, 25 ಮೀಟರ್ ಎತ್ತರ. ನಡುವೆ ಒಂದು ಕಂಬವೂ ಇಲ್ಲ! ಹಾಗಾದರೆ ಚಾವಣಿ ಕುಸಿಯಲ್ವಾ? ಅಲ್ಲಿನ ಬಂಡೆಯಲ್ಲಿ ಅಡ್ಡಡ್ಡವಾಗಿ ಒತ್ತಡ ಜಾಸ್ತಿ. ಎರಡೂ ಬದಿಯಿಂದ ಒತ್ತುವುದರಿಂದ ಚಾವಣಿಯ ಕಲ್ಲುಗಳು ಕಮಾನಿನ ಕಲ್ಲುಗಳಂತೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಜೊತೆಗೆ ಬಂಡೆಯೊಳಕ್ಕೆ ಉದ್ದನೆಯ ಬೋಲ್ಟ್ ಹೊಡೆದು, ಮೇಲೆ ಕಾಂಕ್ರೀಟ್ ಸಿಂಪಡಿಸಿದ್ದಾರೆ.

ಸುಮ್ನೆ ಶೋಕಿಗೆ ಕೊರೆದದ್ದೇನಲ್ಲ. ಒಳಗೆ ವರ್ಷವಿಡೀ ತಾಪಮಾನ ಹೆಚ್ಚು ಏರುಪೇರಾಗುವುದಿಲ್ಲ, ಹಾಗಾಗಿ ಕರೆಂಟು ಉಳಿಯುತ್ತದೆ. ಊರ ನಡುವಿನ ಜಾಗವೂ ಉಳಿಯಿತು. ಅದೇ ಗುಡ್ಡದೊಳಗೆ 1970ರ ದಶಕದಲ್ಲೇ ಈಜುಕೊಳ ಕಟ್ಟಿದ್ದರು, ಹಾಗಾಗಿ ಊರವರಿಗೆ ಇದೇನೂ ಹೊಸದಲ್ಲ.

ಒಲಿಂಪಿಕ್ಸ್ ಮುಗಿದ ಮೇಲೆ ಬೀಗ ಹಾಕಲಿಲ್ಲ. ಹಾಕಿಯ ಜೊತೆಗೆ ಹ್ಯಾಂಡ್‌ಬಾಲ್, ಸಂಗೀತ ಕಾರ್ಯಕ್ರಮ, ಸಭೆ ಸಮಾರಂಭ ಎಲ್ಲಕ್ಕೂ ಅದೇ ಗುಹೆ.