ಮಾತ್ರೆ ಕಪ್ಪು, ಮಗು ಅಲ್ಲ

ಮೂಡಿಗೆರೆ ಕಡೆಯ ಒಬ್ಬ ಅತ್ತೆ ಪತ್ರ ಬರೆದಿದ್ದಾರೆ. ಸೊಸೆಗೆ ಐದು ತಿಂಗಳು. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಇವರು ನಿಲ್ಲಿಸಿದ್ದಾರೆ. ಮಗು ಕಪ್ಪಾಗುತ್ತೆ, ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತೆ ಅನ್ನೋದು ಭಯ. "ನಾವೆಲ್ಲ ಮಾತ್ರೆ ನುಂಗಿ ಹೆತ್ತೆವಾ?" ಎಂದು ಕೇಳಿದ್ದಾರೆ.

ಉತ್ತರ: ಅಮ್ಮಾ, ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. ಹಸಿ ಪಪ್ಪಾಯಿ ಬೇಡ ಅಂದಿದ್ದೀರಿ, ಸರಿ. ಸೊಪ್ಪಿನ ಸಾರು, ರಾಗಿ ಅಂಬಲಿ ಮಾಡಿಕೊಡುತ್ತೀರಿ, ತುಂಬಾ ಸರಿ. ಇಲ್ಲಿಗೆ ನಿಮ್ಮ ಮಾರ್ಕು ಮುಗಿಯಿತು.

ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಅದನ್ನು ನೋಡಿಯೇ ಯಾರೋ ಮಗುವಿಗೂ ಬಣ್ಣ ಬಳಿದಿರಬೇಕು. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮೆಡಿಕಲ್ ಶಾಪಿನಿಂದಲ್ಲ. ರಕ್ತದ ಹಿಮೋಗ್ಲೋಬಿನ್ ಆಗಲು ಕಬ್ಬಿಣ ಬೇಕು. ಬಸುರಿಗೆ ಅದು 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹೆರಿಗೆಯಲ್ಲಿ ರಕ್ತ ಹೋದರೆ ಅವಳಿಗೆ ತಡೆಯುವ ಶಕ್ತಿ ಇರುವುದಿಲ್ಲ. ಮಗು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆಯಾಗುವ ಅಪಾಯವೂ ಜಾಸ್ತಿ.

ಈ ಮಾತ್ರೆಯ ಕತೆಯೂ ನಮ್ಮ ಹೆಂಗಸರದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಡ ಬಸುರಿಯರ ಒಂದು ಬಗೆಯ ರಕ್ತಹೀನತೆ ಈಸ್ಟಿನ ಸಾರದಿಂದ ವಾಸಿಯಾಗುತ್ತದೆ ಎಂದು ಕಂಡುಕೊಂಡರು. ಅದರೊಳಗೆ ಇದ್ದದ್ದು ಫೋಲಿಕ್ ಆಮ್ಲ ಎಂಬ ವಿಟಮಿನ್ ಎಂದು ಆಮೇಲೆ ಗೊತ್ತಾಯಿತು. ನೀವು ನಿಲ್ಲಿಸಿದ ಮಾತ್ರೆಯಲ್ಲಿ ಸಾಮಾನ್ಯವಾಗಿ ಅದೂ ಇರುತ್ತದೆ.

ಇನ್ನೊಂದು ಮಾತು. ಕಾಫಿ ಸೀಮೆಯವರು ಬೈದುಕೊಂಡರೂ ಪರವಾಗಿಲ್ಲ. ಊಟದ ಜೊತೆಗೆ, ಮಾತ್ರೆಯ ಜೊತೆಗೆ ಕಾಫಿ ಬೇಡ. ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದೆರಡು ಗಂಟೆ ಬಿಟ್ಟು ಒಂದು ಲೋಟ ಕುಡಿಯಲಿ. ಮಾತ್ರೆಗೆ ನಿಂಬೆ ಪಾನಕ ಒಳ್ಳೆಯ ಜೊತೆ.

'ಮಗು ಚಿಕ್ಕದಿದ್ದರೆ ಹೆರಿಗೆ ಸಲೀಸು' ಅಂತೀರಿ. ನಮ್ಮಮ್ಮ ಹಾಸನದ ಮನೆಯಲ್ಲಿ ಹನ್ನೊಂದು ಜನಕ್ಕೆ ಬಡಿಸಿ, ಕೊನೆಗೆ ತಳದ ಅನ್ನಕ್ಕೆ ತಿಳಿಸಾರು ಕಲಸಿಕೊಳ್ಳುತ್ತಿದ್ದರು. ಬಸುರಿಯಾದಾಗಲೂ ಅಷ್ಟೇ. ಕೊನೆಯ ತಂಗಿ ಹುಟ್ಟಿದಾಗ ಎರಡು ಕೆಜಿ ತುಂಬಿರಲಿಲ್ಲ. ಹೆರಿಗೆ ಎಷ್ಟು ಸಲೀಸಾಯಿತು ಅಂತ ಎಲ್ಲರೂ ಹೊಗಳಿದರು. ಆಮೇಲೆ ಮೂರು ತಿಂಗಳು ಅಜ್ಜಿ ಆ ಕೂಸನ್ನು ಎದೆಗವಚಿಕೊಂಡು ರಾತ್ರಿ ಕಳೆದದ್ದನ್ನು ಯಾರೂ ಹೇಳುವುದಿಲ್ಲ. ಮಾತ್ರೆಯಿಲ್ಲದೆ ಹೆತ್ತು ಉಳಿದವರು ಪತ್ರ ಬರೆಯುತ್ತಾರೆ ಅಮ್ಮಾ. ಉಳಿಯದವರು ಬರೆಯುವುದಿಲ್ಲ.

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ರಾಜ್ಯ ಸರ್ಕಾರ 2017ರಲ್ಲಿ ಮಾತೃಪೂರ್ಣ ಅಂತ ಯೋಜನೆ ತಂದು ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಇಟ್ಟಿತು. ಯಾಕೆ? ಮನೆಗೆ ಕೊಟ್ಟ ರೇಷನ್ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಅಂತ. ನಮ್ಮ ಅಡುಗೆಮನೆಗಳನ್ನು ನಂಬೋ ಹಾಗಿಲ್ಲ ಅಂತ ತಾನೇ ಅರ್ಥ? ಸೀಮಂತಕ್ಕೆ ಮಾತ್ರ ಛತ್ರ, ಡ್ರೋನು, ಐದು ಥರ ಸಿಹಿ. ಮಾರನೆಯ ದಿನ ಅವಳ ತಟ್ಟೆಗೆ ಮತ್ತೆ ಉಳಿದದ್ದು.

ಗಂಡಸರ ವಿಷಯ ಕೇಳಲೇಬೇಡಿ. ಇವತ್ತಿನ ಮೆಣಸಿನ ರೇಟು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ತೋಟದ ಮಣ್ಣು ಪರೀಕ್ಷೆಗೆ ಕೊಟ್ಟು ಸುಣ್ಣ ಎಷ್ಟು ಬೇಕು ಅಂತ ಲೆಕ್ಕ ಹಾಕುತ್ತಾರೆ. ಹೆಂಡತಿಯ ಹಿಮೋಗ್ಲೋಬಿನ್ ಎಷ್ಟು ಅಂದರೆ ಅಮ್ಮನ ಮುಖ ನೋಡುತ್ತಾರೆ.

ನಿಲ್ಲಿಸಿದ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮತ್ತೆ ಶುರುಮಾಡಿ. ಮುಂದಿನ ತಪಾಸಣೆಗೆ ನೀವು ಹೋಗಬೇಡಿ, ಮಗನನ್ನು ಕಳಿಸಿ. ತಾಯಿ ಕಾರ್ಡಿನಲ್ಲಿ ಏನು ಬರೆದಿದೆ ಅಂತ ವಾಪಸ್ಸು ಬಂದು ಅವನೇ ನಿಮಗೆ ಓದಿ ಹೇಳಲಿ.